ಒಡೆಯುತ್ತ ಹೋದರೆ ಕಡೆಗೆ ಏನು?

ನವನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಹುಡುಗರನ್ನು ಐಹೊಳೆಗೆ ಕರೆದೊಯ್ಯುತ್ತಿದ್ದೆ. ದುರ್ಗದ ಗುಡಿ ನೋಡಿದ ಮೇಲೆ ಮೇಗುತಿ ಗುಡ್ಡ ಹತ್ತಲು ಅರ್ಧ ಮಂದಿಗೆ ಕಾಲು ಬರುತ್ತಿರಲಿಲ್ಲ. ಹತ್ತಿದವರಿಗೆ ರವಿಕೀರ್ತಿಯ ಶಾಸನ ತೋರಿಸುತ್ತಿದ್ದೆ. ಶಕ 556, ಅಂದರೆ ಕ್ರಿ.ಶ. 634ರದು. ಅದರಲ್ಲಿ ಕಾಳಿದಾಸ, ಭಾರವಿಯರ ಹೆಸರಿದೆ ಎಂದು ಗೈಡುಗಳೆಲ್ಲ ಹೇಳುತ್ತಾರೆ. ಗುಡ್ಡದ ಮೇಲಿನ ಗುಡಿ ಕಟ್ಟಿಸಿದ ರವಿಕೀರ್ತಿ ಪರಮಾಣುವಿನ ಬಗ್ಗೆ ತಲೆ ಕೆಡಿಸಿಕೊಂಡ ಜೈನ ಪರಂಪರೆಯವನು ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಒಮ್ಮೆ ಇಳಕಲ್ಲಿನ ಕಲ್ಲುಗಣಿ ಕೆಲಸಗಾರರ ಮನೆಯ ಹುಡುಗ ಅಲ್ಲೇ ಕೇಳಿದ: "ಸರ್, ಕಲ್ಲು ಒಡಕೋತ ಹೋದ್ರ ಕಡೀಕ ಏನ್ ಉಳಿತೈತ್ರಿ?"

ಈ ಪ್ರಶ್ನೆಗೆ ಜೈನ ಗ್ರಂಥ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉತ್ತರವಿದೆ: ಪರಮಾಣು. ಕನ್ನಡ ನಾಡಿನ ಪೂಜ್ಯಪಾದರು ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದರು. ವೈಶೇಷಿಕ ದರ್ಶನದವರು ಮಣ್ಣು, ನೀರು, ಬೆಂಕಿ, ಗಾಳಿಗೆ ಬೇರೆಬೇರೆ ಅಣುಗಳೆಂದರೆ, ಜೈನರ ಪರಮಾಣು ಒಂದೇ ಜಾತಿ. ಅದಕ್ಕೆ ಒಂದು ಬಣ್ಣ, ಒಂದು ವಾಸನೆ, ಒಂದು ರುಚಿ, ಎರಡು ಸ್ಪರ್ಶ. ಒಂದಕ್ಕೊಂದು ಅಂಟುವುದು ಸ್ನಿಗ್ಧ (ಜಿಡ್ಡು), ರೂಕ್ಷ (ಒಣ) ಗುಣಗಳಿಂದ.

ಸ್ನಿಗ್ಧವೇ ಪ್ರೋಟಾನ್, ರೂಕ್ಷವೇ ಎಲೆಕ್ಟ್ರಾನ್ ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಸಿಟ್ಟು. ಪೂಜ್ಯಪಾದರ ಪ್ರಕಾರ ಗುಣದಲ್ಲಿ ಎರಡಂಶದ ಅಂತರವಿದ್ದರೆ ಸ್ನಿಗ್ಧವು ಸ್ನಿಗ್ಧಕ್ಕೂ ಅಂಟುತ್ತದೆ. ಎರಡು ಎಲೆಕ್ಟ್ರಾನುಗಳು ಹಾಗೆ ಅಂಟಿಕೊಳ್ಳಲಾರವು, ದೂಡಿಕೊಳ್ಳುತ್ತವೆ. ಆ ಆಚಾರ್ಯರದು ತರ್ಕ, ಅಳತೆಯಲ್ಲ. ಆದರೂ ಕಣಗಳು ಯಾಕೆ ಅಂಟುತ್ತವೆ ಎಂದು ನಿಯಮ ಹುಡುಕಿದರಲ್ಲ, ಅದು ಸಣ್ಣ ಸಂಗತಿಯಲ್ಲ.

ಅಳತೆ ಬಂದದ್ದು ಬಹಳ ತಡವಾಗಿ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನ್ ಕಂಡ, 1911ರಲ್ಲಿ ರುದರ್‌ಫರ್ಡ್ ಬೀಜಕೇಂದ್ರ ಹೇಳಿದ, 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಹಿಡಿದ. 1968ರ ಹೊತ್ತಿಗೆ ಪ್ರೋಟಾನಿನ ಒಳಗೂ ಇನ್ನೂ ಸಣ್ಣ ಕಣಗಳಿರುವ ಸುಳಿವು ಸಿಕ್ಕಿತು.

ಹಾಗಾದರೆ ಪ್ರೋಟಾನ್ ತಾನಾಗಿಯೇ ನಶಿಸುತ್ತದೆಯೇ? ಇದನ್ನು ಹುಡುಕಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನೀಯರ ಜತೆ 1980ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೇ ಇಳಿದರು. ಸುಮಾರು 2,300 ಮೀಟರ್ ಆಳದಲ್ಲಿ 140 ಟನ್ ತೂಕದ ಕಬ್ಬಿಣದ ಉಪಕರಣ. ಮೇಲಿನ ಬಂಡೆ ಆಕಾಶದಿಂದ ಸುರಿಯುವ ಕಣಗಳಲ್ಲಿ ಬಹುಪಾಲನ್ನು ತಡೆಯುತ್ತದೆ, ಅದಕ್ಕೇ ಅಷ್ಟು ಆಳ. ಅದೇ ಗಣಿಯಲ್ಲಿ 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತ್ತು. ಜಗತ್ತಿನಲ್ಲಿ ಅದನ್ನು ಮೊದಲು ಕಂಡವರಲ್ಲಿ ಕೋಲಾರದವರೂ ಇದ್ದಾರೆ. ಪ್ರೋಟಾನ್ ನಶಿಸಿದ ಕೆಲವು ಸುಳಿವುಗಳು ಸಿಕ್ಕಿವೆ ಎಂದು 1980ರ ತಂಡದವರು ಪ್ರಕಟಿಸಿದ್ದೂ ಉಂಟು. ಜಪಾನಿನ ಕಾಮಿಯೋಕಾದ ದೊಡ್ಡ ನೀರಿನ ತೊಟ್ಟಿಯ ಪ್ರಯೋಗ ಅದನ್ನು ದೃಢಪಡಿಸಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಪ್ರೋಟಾನ್ ಒಡೆಯುವುದನ್ನು ಕಾಯುವ ಕೆಲಸ ಕಾಮಿಯೋಕಾದಲ್ಲಿ ಇವತ್ತಿಗೂ ನಡೆದಿದೆ.