ಆರ್ಥೋಪೆಡಿಕ್ಸ್ ಕಳೆದುಕೊಂಡ ಮಗು

‘ಪೀಡಿಯಾಟ್ರಿಕ್ ಆರ್ಥೋಪೆಡಿಕ್ಸ್ ಫೆಲೋಶಿಪ್. ಅವಧಿ ಒಂದು ವರ್ಷ. ಎಂ.ಎಸ್. ಆರ್ಥೋ ಮುಗಿಸಿದವರು ಅರ್ಜಿ ಹಾಕಬಹುದು.’ ದೊಡ್ಡ ಆಸ್ಪತ್ರೆಗಳ ಪ್ರಕಟಣೆಗಳಲ್ಲಿ ಇಂಥ ಒಕ್ಕಣೆ ಈಗ ಸಾಮಾನ್ಯ. ಇದರಲ್ಲಿ ಪುನರುಕ್ತಿ ಇದೆಯೆಂದು ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಇದೆ. ನಮ್ಮ ‘ನಡುಮಧ್ಯೆ’, ‘ಗೇಟುಬಾಗಿಲು’ ಇದ್ದಾವಲ್ಲ, ಅವುಗಳ ಜಾತಿಯದೇ ಇದೂ. ‘ಪೀಡಿಯಾಟ್ರಿಕ್’ ಎಂಬಲ್ಲಿ ಒಂದು ಮಗು ಇದೆ. ‘ಆರ್ಥೋಪೆಡಿಕ್ಸ್’ ಎಂಬಲ್ಲಿ ಇನ್ನೊಂದಿದೆ. ಎರಡನೆಯದು ಅಲ್ಲಿದೆಯೆಂಬುದೇ ಎಲ್ಲರಿಗೂ ಮರೆತುಹೋಗಿದೆ.

‘ಪೀಡಿಯಾ’ ಅಂದರೆ ಕನ್ನಡದ ಕಿವಿಗೆ ಮೊದಲು ಕೇಳುವುದು ಪೀಡೆ. ಸ್ವಲ್ಪ ಓದಿಕೊಂಡವರು ‘ಪೆಡಿಕ್ಸ್’ ಎಂದರೆ ಪಾದವಿರಬೇಕು ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಪಾದಕ್ಕೆ ‘ಪೆಸ್’, ಅದರ ಇನ್ನೊಂದು ರೂಪ ‘ಪೆಡಿಸ್’; ಅದು ನಮ್ಮ ‘ಪಾದ’ದ ಬಂಧುವೇ ಹೌದಾದ್ದರಿಂದ ಈ ಊಹೆಯನ್ನು ತಪ್ಪೆನ್ನಲು ಮನಸ್ಸು ಬರುವುದಿಲ್ಲ. ಆದರೂ ತಪ್ಪು. ಇಲ್ಲಿರುವುದು ಗ್ರೀಕಿನ ‘ಪಾಯ್ಸ್’, ‘ಪಾಯ್ಡಿಯೊನ್’: ಮಗು, ಪುಟ್ಟ ಮಗು. ‘ಆರ್ಥೋಸ್’ ಎಂದರೆ ನೆಟ್ಟಗಿರುವುದು. ಸಂಸ್ಕೃತದ ‘ಊರ್ಧ್ವ’ಕ್ಕೂ ‘ಆರ್ಥೋಸ್’ಗೂ, ‘ಪುತ್ರ’ನಿಗೂ ‘ಪಾಯ್ಸ್’ಗೂ ನಂಟು ಕಾಣುವ ಭಾಷಾಶಾಸ್ತ್ರಜ್ಞರಿದ್ದಾರೆ. ಅವರ ಮಾತು ನಂಬಿದರೆ ಇಡೀ ಪದ ನಮಗೆ ದೂರದ ದಾಯಾದಿ.

ಪದಗಳಿಗೆ ಸಾಮಾನ್ಯವಾಗಿ ಜನ್ಮದಿನ ಗೊತ್ತಿರುವುದಿಲ್ಲ. ಇದಕ್ಕೆ ಗೊತ್ತಿದೆ. 1741ರಲ್ಲಿ ಪ್ಯಾರಿಸ್ಸಿನಲ್ಲಿ ನಿಕೊಲಾ ಆಂದ್ರಿ ಎಂಬ ವೈದ್ಯ ‘ಲೋರ್ತೊಪೆದಿ’ ಎಂಬ ಪುಸ್ತಕ ಪ್ರಕಟಿಸಿದ. ಹುಟ್ಟಿದ್ದು 1658ರಲ್ಲಿ, ಲಿಯೊನ್ ನಗರದಲ್ಲಿ; ಅಂದರೆ ಪುಸ್ತಕ ಬಂದಾಗ ಎಂಬತ್ತು ದಾಟಿದ ಮುದುಕ, ಮರುವರ್ಷವೇ ತೀರಿಕೊಂಡ. ಅದಕ್ಕೂ ನಾಲ್ಕು ದಶಕ ಮೊದಲು ಮನುಷ್ಯನ ಹೊಟ್ಟೆಯ ಹುಳುಗಳ ಮೇಲೆ ಬರೆದು ಹೆಸರನ್ನೂ ಗೇಲಿಯನ್ನೂ ಒಟ್ಟಿಗೇ ಸಂಪಾದಿಸಿದ್ದವನು. ಮಕ್ಕಳ ದೇಹದ ಸೊಟ್ಟುಗಳನ್ನು ತಡೆಯುವ, ತಿದ್ದುವ ಕಲೆಗೆ ಒಂದು ಹೆಸರು ಬೇಕಿತ್ತು. ಎರಡು ಗ್ರೀಕ್ ಪದ ಬೆಸೆದು ತಾನೇ ಮಾಡಿಕೊಂಡೆ ಎಂದು ಬಿಚ್ಚಿ ಹೇಳಿಕೊಂಡ. ಅದಕ್ಕೆ ಮಾದರಿಯೂ ಇತ್ತು. ಸುಂದರ ಮಕ್ಕಳನ್ನು ಪಡೆಯುವ ಬಗೆ ಹೇಳುವ ‘ಕ್ಯಾಲಿಪೀಡಿಯಾ’ ಎಂಬ ಲ್ಯಾಟಿನ್ ಕಾವ್ಯ ಹಿಂದಿನ ಶತಮಾನದಲ್ಲೇ ಬಂದಿತ್ತು. ಚೆಲುವಾದ ಮಗು ಆ ಕಾವ್ಯಕ್ಕೆ, ನೆಟ್ಟನೆಯ ಮಗು ಈ ಪುಸ್ತಕಕ್ಕೆ.

ತಮಾಷೆಯೆಂದರೆ ಆಂದ್ರಿ ಶಸ್ತ್ರವೈದ್ಯನಲ್ಲ. ಕತ್ತಿ ಹಿಡಿಯುವವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಪ್ಯಾರಿಸ್ ವೈದ್ಯ ವಿದ್ಯಾಪೀಠದ ಡೀನ್ ಆಗಿದ್ದವನು. ಅಲ್ಲಿನ ವೈದ್ಯರಿಗೂ ಶಸ್ತ್ರಕಾರರಿಗೂ ನಡೆಯುತ್ತಿದ್ದ ಜಗಳದಲ್ಲಿ ವೈದ್ಯರ ಪಕ್ಷದ ಮುಂದಾಳು. ಅವನು ಪುಸ್ತಕ ಬರೆದದ್ದೂ ತಂದೆತಾಯಿಗಳಿಗಾಗಿ: ಮಗುವನ್ನು ಹೇಗೆ ಕೂರಿಸಬೇಕು, ಭುಜ ಇಳಿಬಿದ್ದರೆ ಏನು ಮಾಡಬೇಕು, ಹೀಗೆ. ಶಸ್ತ್ರಕ್ಕೆ ಹಗೆಯಾದವನು ಕಟ್ಟಿದ ಹೆಸರನ್ನು ಇವತ್ತು ಜಗತ್ತಿನಾದ್ಯಂತ ಶಸ್ತ್ರವೈದ್ಯರು ಬೋರ್ಡಿನ ಮೇಲೆ ಬರೆಸಿಕೊಂಡಿದ್ದಾರೆ. ಆ ಪುಸ್ತಕದ ಚಿತ್ರವೊಂದು, ಸೊಟ್ಟ ಮರವನ್ನು ನೆಟ್ಟ ಗೂಟಕ್ಕೆ ಹಗ್ಗದಿಂದ ಬಿಗಿದದ್ದು, ಹಲವು ದೇಶಗಳಲ್ಲಿ ಅವರ ಸಂಘಗಳ ಲಾಂಛನವೂ ಆಯಿತು.

ಹೆಸರು ಸಲೀಸಾಗಿ ಉಳಿಯಲಿಲ್ಲ. ವೈದ್ಯರು ಬರೀ ಮಕ್ಕಳನ್ನು ನೋಡುತ್ತಿಲ್ಲವಲ್ಲ ಎಂದುಕೊಂಡೋ ಏನೋ, ಮೊಂಪೆಲ್ಯೆ ನಗರದ ದೆಲ್ಪೆಶ್ 1828ರಲ್ಲಿ ತನ್ನ ಗ್ರಂಥಕ್ಕೆ ‘ಆರ್ಥೋಮಾರ್ಫಿ’ ಎಂದು ಹೆಸರಿಟ್ಟ. ಆಕಾರ ನೆಟ್ಟಗೆ ಮಾಡುವುದು ಎಂದರ್ಥ. ಲಂಡನ್ನಿನ ಬಿಗ್ ಎಂಬಾತ 1865ರಲ್ಲಿ ‘ಆರ್ಥೋಪ್ರಾಕ್ಸಿ’, ಅಂದರೆ ನೆಟ್ಟಗೆ ಮಾಡುವಿಕೆ, ಎಂದ. ಅರ್ಥದ ದೃಷ್ಟಿಯಿಂದ ಎರಡೂ ಆಂದ್ರಿಯ ಪದಕ್ಕಿಂತ ಸರಿ. ಎರಡೂ ಸತ್ತವು. ಪದಗಳ ಪೇಟೆಯಲ್ಲಿ ಸರಿಯಾದದ್ದಕ್ಕಿಂತ ಮೊದಲು ಬಂದದ್ದಕ್ಕೇ ಗಿರಾಕಿ ಹೆಚ್ಚು.

ಮಗು ಕಳೆದುಹೋದದ್ದು ಹೇಗೆ? ಅದಕ್ಕೆ ಲಿವರ್‌ಪೂಲಿಗೆ ಹೋಗಬೇಕು. ನಮ್ಮಲ್ಲಿ ಪುತ್ತೂರು ಕಟ್ಟು ಹೇಗೋ ಹಾಗೆ ವೇಲ್ಸ್ ಸೀಮೆಯಲ್ಲಿ ತಲೆಮಾರುಗಳಿಂದ ಮೂಳೆ ಕೂರಿಸುತ್ತಿದ್ದ ನಾಟಿ ವೈದ್ಯರ ಮನೆತನವೊಂದಿತ್ತು. ಆ ಮನೆತನದಲ್ಲಿ ಡಾಕ್ಟರಿಕೆ ಓದಿ ಲಿವರ್‌ಪೂಲಿನಲ್ಲಿ ವೈದ್ಯನಾಗಿದ್ದವನು ಹ್ಯೂ ಓವೆನ್ ಥಾಮಸ್. ತೊಡೆಮೂಳೆಯನ್ನು ಅಲುಗದಂತೆ ಹಿಡಿದಿಡುವ ಅವನ ಕಬ್ಬಿಣದ ಸ್ಪ್ಲಿಂಟ್ ಇವತ್ತಿಗೂ ಆಸ್ಪತ್ರೆಗಳಲ್ಲಿದೆ. ಅವನ ಕೈಕೆಳಗೆ ಕಲಿತವನು ಹೆಂಡತಿಯ ಕಡೆಯ ಹುಡುಗ ರಾಬರ್ಟ್ ಜೋನ್ಸ್. ಸ್ವತಃ ಸೊಂಟದ ಕೀಲಿನ ರೋಗದಿಂದ ಕುಂಟುತ್ತಿದ್ದ ನರ್ಸ್ ಆಗ್ನೆಸ್ ಹಂಟ್ 1900ರಲ್ಲಿ ಬಾಶ್ಚರ್ಚ್ ಎಂಬ ಹಳ್ಳಿಯಲ್ಲಿ ಮಕ್ಕಳಿಗಾಗಿ ಮನೆಯೊಂದನ್ನು ತೆರೆದಿದ್ದಳು. ಜೋನ್ಸ್ ಅಲ್ಲಿಗೆ ಬಂದು ಚಿಕಿತ್ಸೆ ಮಾಡತೊಡಗಿದ. ಅಷ್ಟರಲ್ಲಿ ಮಹಾಯುದ್ಧ ಬಂತು. ತೊಡೆಗೆ ಗುಂಡು ತಗುಲಿದ ಸೈನಿಕರು ಸಾಲುಸಾಲಾಗಿ ಸಾಯುತ್ತಿದ್ದರು. ಜೋನ್ಸ್ ತನ್ನ ಗುರುವಿನ ಸ್ಪ್ಲಿಂಟನ್ನು ರಣರಂಗಕ್ಕೆ ಒಯ್ದ. ಸಾವು ಗಣನೀಯವಾಗಿ ಇಳಿಯಿತು. ಬಾಶ್ಚರ್ಚಿನಲ್ಲಿ ಮಕ್ಕಳ ಜೊತೆ ಗಾಯಾಳು ಸೈನಿಕರೂ ಮಲಗಿದರು. 1918ರಲ್ಲಿ ಬ್ರಿಟಿಷ್ ಆರ್ಥೋಪೆಡಿಕ್ ಸಂಘ ಹುಟ್ಟುವ ಹೊತ್ತಿಗೆ ಆ ವಿದ್ಯೆಯ ಎದುರಿಗಿದ್ದವನು ಗಡ್ಡ ಬಂದ ಗಂಡಸು. ಮುಂದೆ 1960ರ ದಶಕದಲ್ಲಿ ಇಂಗ್ಲೆಂಡಿನ ಚಾರ್ನ್‌ಲಿ ಸೊಂಟದ ಕೀಲನ್ನೇ ಬದಲಿಸಿ ತೋರಿಸಿದ ಮೇಲೆ ವಯಸ್ಸಾದವರ ಸರದಿ. ನಮ್ಮೂರುಗಳಲ್ಲಿ ಇವತ್ತು ‘ಆರ್ಥೋ’ ಎಂದರೆ ಅಜ್ಜಿಯ ಮಂಡಿ, ಇಲ್ಲವೇ ಹಾಸಿಗೆ ಅಂಗಡಿಯ ಜಾಹೀರಾತು.

ಹೀಗೆ ತಾಯಿಪದದಿಂದ ಬಿಟ್ಟುಹೋದ ಮಗುವನ್ನು ಹೊರಗಿನಿಂದ ಮತ್ತೆ ಅಂಟಿಸಬೇಕಾಯಿತು. ಆಸ್ಪತ್ರೆಯ ಓಣಿಗಳಲ್ಲಿ ಅದೂ ಉದ್ದವಾಗಿ, ಈಗ ಡಾಕ್ಟರುಗಳ ಬಾಯಲ್ಲಿ ‘ಪೀಡ್ ಆರ್ಥೋ’. ಆಂದ್ರಿ ಕಟ್ಟಿದ್ದರ ಬಾಲ ತಲೆಯಾಗಿದೆ, ತಲೆ ಬಾಲವಾಗಿದೆ.

ಮೂಳೆ ವೈದ್ಯ ಆಗಲೇ ಮೂರು ವರ್ಷ ಎಂ.ಎಸ್. ಮಾಡಿದ್ದಾನೆ, ಮಕ್ಕಳಿಗೆಂದು ಮತ್ತೆ ಯಾಕೆ ಕಲಿಯಬೇಕು? ಮಗುವಿನ ಮೂಳೆ ಚಿಕ್ಕ ಅಳತೆಯ ದೊಡ್ಡ ಮೂಳೆಯಲ್ಲ. ಅದರ ತುದಿಯ ಬಳಿ ಗ್ರೋತ್ ಪ್ಲೇಟ್ ಎಂಬ ಮೃದ್ವಸ್ಥಿಯ ತೆಳು ಪದರವಿದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಎಕ್ಸ್‌ರೇಯಲ್ಲಿ ಅದು ಬಿರುಕಿನಂತೆ ಕಾಣುತ್ತದೆ, ನಿಜವಾದ ಬಿರುಕು ಅದರ ಮರೆಯಲ್ಲಿ ಕಾಣದೆ ಹೋಗುತ್ತದೆ. ಮೊಣಕೈಯೊಂದರಲ್ಲೇ ಆರು ಕಡೆ ಮೃದ್ವಸ್ಥಿ ಮೂಳೆಯಾಗುವುದು ಬೇರೆ ಬೇರೆ ವಯಸ್ಸಿನಲ್ಲಿ, ಸುಮಾರು ಒಂದರಿಂದ ಹನ್ನೊಂದು ವರ್ಷದ ನಡುವೆ. ಅದನ್ನು ಬಾಯಿಪಾಠ ಮಾಡದ ಫೆಲೋ ಇಲ್ಲ. ಮರದಿಂದ ಕೈಯೂರಿ ಬಿದ್ದ ಹುಡುಗನ ಮೊಣಕೈಯ ಮೇಲ್ಭಾಗ ಮುರಿದಾಗ ಊತದ ಮೇಲೆ ಬಿದಿರ ದಬ್ಬೆಯನ್ನು ಬಿಗಿಯಾಗಿ ಕಟ್ಟಿದರೆ ರಕ್ತ ಓಡದೆ ಮುಂಗೈಯ ಸ್ನಾಯು ಸಾಯುತ್ತದೆ. ಬೆರಳು ಮಡಚಿಕೊಂಡೇ ಉಳಿಯುತ್ತದೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿ ಬರೆದದ್ದು ಇದನ್ನೇ. ಇನ್ನೊಂದು ಕಡೆ, ಪುಟ್ಟ ಮಕ್ಕಳಲ್ಲಿ ತುಸು ಓರೆಯಾಗಿ ಕೂಡಿದ ಮೂಳೆ ಎಷ್ಟೋ ಸಲ ಬೆಳೆಯುತ್ತ ತಾನೇ ನೆಟ್ಟಗಾಗುತ್ತದೆ. ಯಾವುದನ್ನು ಆ ರಾತ್ರಿಯೇ ಥಿಯೇಟರಿಗೆ ಒಯ್ಯಬೇಕು, ಯಾವುದನ್ನು ಕೈಕಟ್ಟಿ ನೋಡಬೇಕು: ಆ ಒಂದು ವರ್ಷದ ಓದಿನ ತಿರುಳು ಇದು, ನನ್ನ ಲೆಕ್ಕದಲ್ಲಿ.

‘ನೆಟ್ಟಗೆ’ ಎಂಬ ಮಾತಿಗೂ ಅಲ್ಲಿ ಪೆಟ್ಟು ಬೀಳುತ್ತದೆ. ಎರಡು ವರ್ಷದೊಳಗಿನ ಮಗುವಿನ ಕಾಲು ಬಿಲ್ಲಿನಂತೆ ಹೊರಬಾಗಿರುವುದು, ಮೂರು ನಾಲ್ಕು ವರ್ಷಕ್ಕೆ ಮಂಡಿಗೆ ಮಂಡಿ ತಾಗುವುದು, ಏಳರ ಹೊತ್ತಿಗೆ ಸರಿಹೋಗುವುದು ಬಹುಪಾಲು ಮಕ್ಕಳಲ್ಲಿ ಸಹಜ. ಎಳೆಗೂಸಿನ ಕಾಲನ್ನು ನೀಳವಾಗಿ ಎಳೆದು ಬಿಗಿಯಾಗಿ ಬಟ್ಟೆ ಸುತ್ತುವುದಂತೂ ಸೊಂಟದ ಕೀಲಿಗೆ ಕೆಡುಕು. ತೊಡೆ ಅಗಲಿಸಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ಹೆಂಗಸರ ರೂಢಿ ಒಳ್ಳೆಯದು. ನೆಟ್ಟಗೆ ಮಾಡುವ ಶಾಸ್ತ್ರವೇ ಇಲ್ಲಿ ನೆಟ್ಟಗೆ ಮಾಡಬೇಡಿ ಎನ್ನುತ್ತದೆ. ಇನ್ನು ನಿಜವಾಗಿಯೂ ಸೊಟ್ಟಗಾದ ಮಂಡಿಗೆ, ಗ್ರೋತ್ ಪ್ಲೇಟಿನ ಒಂದು ಪಕ್ಕಕ್ಕೆ ಮಾತ್ರ ಪುಟ್ಟ ಲೋಹದ ಪಟ್ಟಿ ಬಿಗಿದು ಆ ಬದಿಯ ಬೆಳವಣಿಗೆಯನ್ನು ತಡೆಹಿಡಿದರೆ, ಇನ್ನೊಂದು ಬದಿ ಬೆಳೆದು ಕಾಲು ಸರಿಯಾಗುತ್ತದೆ. ಅಮೆರಿಕದ ಬ್ಲೌಂಟ್ 1949ರಲ್ಲಿ ಸ್ಟೇಪಲ್ ಹೊಡೆದು ಹೇಳಿಕೊಟ್ಟ ಉಪಾಯ. ಗೂಟಕ್ಕೆ ಮರ ಬಿಗಿದ ಆಂದ್ರಿ ಇದನ್ನು ನೋಡಿದ್ದರೆ, ಕತ್ತಿಯ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತೇನೋ.

ಮಕ್ಕಳ ಮೂಳೆಯ ಈ ವಿದ್ಯೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗಿ ಮಗು ಕುಂಟತೊಡಗುವ ಪರ್ಥೆಸ್ ರೋಗ ನಮ್ಮ ಕರಾವಳಿಯಲ್ಲಿ ಹೆಚ್ಚೆಂದು ದಾಖಲಿಸಿದವರು ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು. ಪರದೇಶದ ಮಕ್ಕಳ ಮೂಳೆ ವೈದ್ಯರೂ ಈ ಕರಾವಳಿಯ ಹೆಸರನ್ನು ಓದಿರಬಹುದು.

ಆ ಪ್ರಕಟಣೆಯಲ್ಲಿ ಇನ್ನು ಉಳಿದದ್ದು ‘ಫೆಲೋ’. ನಮ್ಮ ಶಾಲೆಗಳಲ್ಲಿ ‘ಯೂಸ್‌ಲೆಸ್ ಫೆಲೋ’ ಎಂದು ಬೈಸಿಕೊಳ್ಳದೆ ದೊಡ್ಡವರಾದವರು ಕಡಿಮೆ. ಇಷ್ಟು ಕೆಳಗಿಳಿದ ಪದವೇ ಎಫ್.ಆರ್.ಸಿ.ಎಸ್.ನಲ್ಲಿ ಕಿರೀಟ ಇಟ್ಟುಕೊಂಡಿದೆ. ಇಂಗ್ಲೆಂಡಿನ ಶಸ್ತ್ರವೈದ್ಯರ ಕಾಲೇಜು 1843ರಲ್ಲಿ ಆ ಪದವಿ ಹುಟ್ಟುಹಾಕಿ ಮೊದಲು 300 ಜನರನ್ನು ಆರಿಸಿತು. ಮೂಲ ಹಳೆಯ ನಾರ್ಸ್ ಭಾಷೆಯ ‘ಫೇಲಗಿ’. ‘ಫೇ’ ಎಂದರೆ ದನಕರು, ಆಸ್ತಿ; ಸಂಸ್ಕೃತದ ‘ಪಶು’ವಿನ ಅಕ್ಕತಂಗಿ. ‘ಲಗ್’ ಎಂದರೆ ಇಡುವುದು. ಕೂಡು ವ್ಯವಹಾರಕ್ಕೆ ತನ್ನ ಬಂಡವಾಳ ತಂದು ಇಟ್ಟವನು ಫೇಲಗಿ: ಪಾಲುದಾರ.

ಕನ್ನಡದ ಕಚೇರಿಗಳು ಫೆಲೋಶಿಪ್ಪನ್ನು ಅನೇಕ ಕಡೆ ‘ಶಿಷ್ಯವೇತನ’ ಮಾಡಿವೆ. ಹಣದ ವಾಸನೆ ಹಿಡಿದದ್ದು ಸರಿ, ಪಾಲುದಾರನನ್ನು ಶಿಷ್ಯನನ್ನಾಗಿಸಿದ್ದು ಅರ್ಧ ಸರಿ. ಸೊಟ್ಟ ಪಾದದ ಕೂಸಿಗೆ ಪೊನ್ಸೆಟಿ ಕ್ರಮದಲ್ಲಿ ಪ್ಲಾಸ್ಟರ್ ಹಾಕುವುದನ್ನು ನೋಡಿದರೆ ಇದು ತಿಳಿಯುತ್ತದೆ. ಅಯೋವಾದಲ್ಲಿ ಇಗ್ನಾಸಿಯೊ ಪೊನ್ಸೆಟಿ ರೂಢಿಸಿದ ಈ ಕ್ರಮದಲ್ಲಿ ವಾರಕ್ಕೊಮ್ಮೆ ಪಾದವನ್ನು ಮೆಲ್ಲನೆ ತಿದ್ದಿ ಪ್ಲಾಸ್ಟರ್ ಬದಲಿಸುತ್ತ ಹೋಗುತ್ತಾರೆ. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೊಂದು ಸಣ್ಣ ಕೊಯ್ತ, ಆಮೇಲೆ ಬ್ರೇಸ್: ಮೊದಲು ಹೆಚ್ಚುಕಡಿಮೆ ದಿನವಿಡೀ, ನಂತರ ಸುಮಾರು ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ. ಪ್ಲಾಸ್ಟರ್ ಒಬ್ಬರ ಕೈಯಿಂದ ಆಗುವುದಿಲ್ಲ. ಒಬ್ಬರು ಪಾದ ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಸುತ್ತುವುದು ಸುಲಭ, ಹಿಡಿಯುವುದು ಕಷ್ಟ; ಆದ್ದರಿಂದ ಹಿಡಿಯುವವರು ಹಿರಿಯರು. ವರ್ಷ ಮುಗಿಯುವ ಮೊದಲು ಫೆಲೋ ಹಿಡಿಯತೊಡಗುತ್ತಾರೆ, ಹಿರಿಯರು ಸುತ್ತುತ್ತಾರೆ.