ಕಾರಿನ ರೇಡಿಯೇಟರ್ ಫ್ಯಾನು ನಿಂತುಹೋದಾಗ: ದೋಷ ಪತ್ತೆಯ ಕ್ರಮ

(ವಾಹನ ಮಾಲೀಕರು ಮತ್ತು ಚಾಲಕರ ಮಾಹಿತಿಗಾಗಿ)

1. ಪೀಠಿಕೆ

ಕಾರು ವೇಗವಾಗಿ ಚಲಿಸುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪಾಗಿರಿಸುತ್ತದೆ. ನಗರದ ಸಿಗ್ನಲ್‌ಗಳಲ್ಲಿ ನಿಂತಾಗ ಅಥವಾ ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಟ್ಟಗಳನ್ನು ಕೆಳ ಗೇರಿನಲ್ಲಿ ಏರುವಾಗ ಈ ಗಾಳಿ ಸಾಲುವುದಿಲ್ಲ. ಆಗ ವಿದ್ಯುತ್ ಫ್ಯಾನು ಆ ಕಾರ್ಯವನ್ನು ನಿರ್ವಹಿಸುತ್ತದೆ. ಫ್ಯಾನು ನಿಂತದ್ದನ್ನು ಗಮನಿಸದೆ ಕಾರನ್ನು ಓಡಿಸಿದಲ್ಲಿ ಕೂಲೆಂಟ್ ಕುದಿದು, ಸಿಲಿಂಡರ್ ಹೆಡ್ ಬಾಗಿ, ಗ್ಯಾಸ್ಕೆಟ್ ಹಾಳಾಗಿ, ಎಂಜಿನನ್ನೇ ಬಿಚ್ಚಬೇಕಾದ ಪ್ರಸಂಗ ಒದಗಬಹುದು.

ಆದರೆ ಫ್ಯಾನು ತಿರುಗದ ಮಾತ್ರಕ್ಕೆ ಅದರ ಮೋಟಾರು ಕೆಟ್ಟಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಫ್ಯೂಸ್, ರಿಲೇ, ವೈರು ಅಥವಾ ತಾಪ ಸೆನ್ಸರ್‌ನ ದೋಷದಿಂದಲೂ ಫ್ಯಾನು ನಿಲ್ಲುತ್ತದೆ. ಆದುದರಿಂದ ಸುಲಭವಾದ ಪರೀಕ್ಷೆಯಿಂದ ಆರಂಭಿಸಿ ಕ್ರಮವಾಗಿ ಮುಂದುವರಿಯುವುದು ಸೂಕ್ತ. ಈ ಮಾಹಿತಿಯು ಪೆಟ್ರೋಲ್ ಹಾಗೂ ಡೀಸೆಲ್ ಕಾರುಗಳ ವಿದ್ಯುತ್ ಫ್ಯಾನಿಗೆ ಮಾತ್ರ ಅನ್ವಯಿಸುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಫ್ಯಾನುಗಳಿಗೂ ಹೈಬ್ರಿಡ್ ವಾಹನಗಳಿಗೂ ಅನ್ವಯಿಸುವುದಿಲ್ಲ.

2. ಮಾರ್ಗಮಧ್ಯೆ ಕೈಗೊಳ್ಳಬೇಕಾದ ಕ್ರಮ

ತಾಪ ಸೂಚಕದ ಮುಳ್ಳು ಮೇಲೇರತೊಡಗಿದಾಗ ಏಸಿಯನ್ನು ಆರಿಸಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ ಅದರ ಗಾಳಿಯನ್ನು ಹೆಚ್ಚಿಸಬೇಕು. ಇದರಿಂದ ಎಂಜಿನ್ನಿನ ಶಾಖದ ಒಂದಂಶ ಹೊರಹೋಗುತ್ತದೆ. ಮುಳ್ಳು ಕೆಂಪು ಗುರುತನ್ನು ಮುಟ್ಟಿದಲ್ಲಿ ಅಥವಾ ಕೆಂಪು ದೀಪ ಹೊತ್ತಿದಲ್ಲಿ ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಅಪಾಯ ಸೂಚಕ ದೀಪಗಳನ್ನು ಹಾಕಿ, ಪ್ರಯಾಣಿಕರನ್ನು ರಸ್ತೆಯಿಂದ ದೂರ ನಿಲ್ಲಿಸತಕ್ಕದ್ದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗಾಗಿ 1033ಕ್ಕೆ, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.

3. ಸುರಕ್ಷತಾ ಸೂಚನೆಗಳು

• ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರ್ ಅಥವಾ ಕೂಲೆಂಟ್ ತೊಟ್ಟಿಯ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ಸೆಲ್ಸಿಯಸ್ ಮೀರಿದರೂ ಕುದಿಯದೆ ಇರುತ್ತದೆ; ಮುಚ್ಚಳ ತೆರೆದೊಡನೆ ಆವಿಯಾಗಿ ಚಿಮ್ಮಿ ಮುಖ ಹಾಗೂ ಕೈಗಳನ್ನು ಸುಡುತ್ತದೆ.
• ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು. ಲೋಹ ಬಿರುಕು ಬಿಡುವ ಸಂಭವವಿದೆ.
• ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ನಂತರವೂ ಫ್ಯಾನು ತಾನಾಗಿ ತಿರುಗಬಲ್ಲದು. ಫ್ಯಾನಿನ ಬಳಿ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚತಕ್ಕದ್ದು.

4. ದೋಷ ಫ್ಯಾನಿನದೇ ಎಂದು ಖಚಿತಪಡಿಸಿಕೊಳ್ಳುವುದು

ನಿಂತಾಗ ಏರಿದ ಮುಳ್ಳು ಕಾರು ಓಡತೊಡಗಿದಾಗ ಇಳಿದಲ್ಲಿ ಫ್ಯಾನಿನ ದೋಷವನ್ನು ಶಂಕಿಸಬಹುದು. ಸಮತಟ್ಟಾದ ಹೆದ್ದಾರಿಯ ವೇಗದಲ್ಲಿಯೂ ಮುಳ್ಳು ಏರುತ್ತಿದ್ದಲ್ಲಿ ಕೂಲೆಂಟ್ ಸೋರಿಕೆ, ಥರ್ಮೋಸ್ಟಾಟ್, ವಾಟರ್ ಪಂಪ್ ಅಥವಾ ಕಟ್ಟಿಕೊಂಡ ರೇಡಿಯೇಟರನ್ನು ಪರಿಶೀಲಿಸಬೇಕು. ಎಂಜಿನ್ ಪೂರ್ಣ ತಣ್ಣಗಾದ ಮೇಲೆ ಕೂಲೆಂಟ್ ಮಟ್ಟವನ್ನು ನೋಡುವುದು ಕಡ್ಡಾಯ. ಮಟ್ಟ ಇಳಿದು ಸೆನ್ಸರ್‌ಗೆ ಕೂಲೆಂಟ್ ತಾಗದಿದ್ದಲ್ಲಿ ಅದು ನಿಜವಾದ ತಾಪವನ್ನು ಅರಿಯಲಾರದು. ಸುಸ್ಥಿತಿಯ ಫ್ಯಾನು ಕೂಡ ಆಗ ತಿರುಗದೆ ಇರಬಹುದು.

5. ಪರೀಕ್ಷೆಯ ಕ್ರಮ

(ಅ) ಏಸಿ ಪರೀಕ್ಷೆ: ಬಹುತೇಕ ಕಾರುಗಳಲ್ಲಿ ಏಸಿ ಹಾಕಿದಾಗ ಫ್ಯಾನು ಚಾಲನೆಗೊಳ್ಳುತ್ತದೆ. ಒಂದೇ ಫ್ಯಾನುಳ್ಳ ಕಾರಿನಲ್ಲಿ ಏಸಿಗೆ ತಿರುಗುವ ಫ್ಯಾನು ಎಂಜಿನ್ ಬಿಸಿಯಾದಾಗ ತಿರುಗದಿದ್ದಲ್ಲಿ ಮೋಟಾರು ಸರಿಯಿದೆ. ತಾಪ ಸೆನ್ಸರ್ ಅಥವಾ ಅದರ ವೈರನ್ನು ಪರಿಶೀಲಿಸಬೇಕು.

(ಆ) ಫ್ಯೂಸ್: ಇಗ್ನಿಷನ್ ಆರಿಸಿ, ಕಾರಿನ ಕೈಪಿಡಿಯ ನೆರವಿನಿಂದ ಫ್ಯಾನಿನ ಫ್ಯೂಸನ್ನು ಗುರುತಿಸಬೇಕು. ಸುಟ್ಟಿದ್ದಲ್ಲಿ ಅದೇ ಆಂಪಿಯರ್‌ನ ಫ್ಯೂಸನ್ನೇ ಹಾಕತಕ್ಕದ್ದು. ಅದರ ಬದಲು ವೈರಿನ ತುಂಡು ಸಿಕ್ಕಿಸಿದಲ್ಲಿ ಕಾರಿಗೆ ಬೆಂಕಿ ತಗಲುವ ಅಪಾಯವಿದೆ. ಹೊಸ ಫ್ಯೂಸೂ ಸುಟ್ಟಲ್ಲಿ ಮೋಟಾರು ಬಿಗಿದಿರಬಹುದು ಅಥವಾ ವೈರು ಶಾರ್ಟ್ ಆಗಿರಬಹುದು.

(ಇ) ರಿಲೇ: ಅದೇ ಪೆಟ್ಟಿಗೆಯಲ್ಲಿರುವ, ಅದೇ ಸಂಖ್ಯೆಯ ಮತ್ತೊಂದು ರಿಲೇಯನ್ನು ಅದಲುಬದಲು ಮಾಡಿ ನೋಡಬಹುದು. ಫ್ಯಾನು ತಿರುಗಿದಲ್ಲಿ ಹಳೆಯ ರಿಲೇ ಕೆಟ್ಟಿದೆ ಎಂದು ತಿಳಿಯುತ್ತದೆ.

(ಈ) ವೈರು ಮತ್ತು ಕನೆಕ್ಟರ್: ಕರಗಿದ ಪ್ಲಾಸ್ಟಿಕ್, ತುಕ್ಕು, ಇಲಿ ಕಡಿದ ಗುರುತುಗಳನ್ನು ಹುಡುಕಬೇಕು. ಹಲವು ದಿನ ನಿಂತ ಕಾರುಗಳಲ್ಲಿ ಇಲಿಗಳ ಹಾವಳಿ ಸಾಮಾನ್ಯ.

(ಉ) ಮೋಟಾರು: ಬ್ಯಾಟರಿ ಸಂಪರ್ಕ ಬಿಚ್ಚಿದ ಸ್ಥಿತಿಯಲ್ಲಿ ರೆಕ್ಕೆಗಳು ಕೈಯಿಂದ ಸರಾಗವಾಗಿ ತಿರುಗಬೇಕು. ಎರಡೇ ವೈರುಗಳುಳ್ಳ ಸಾಮಾನ್ಯ ಫ್ಯಾನಿಗೆ ಮೆಕ್ಯಾನಿಕ್ ಸೂಕ್ತ ಫ್ಯೂಸಿನ ಮೂಲಕ ನೇರವಾಗಿ 12 ವೋಲ್ಟ್ ನೀಡಿ ಪರೀಕ್ಷಿಸಬಹುದು. ಆಗಲೂ ತಿರುಗದಿದ್ದಲ್ಲಿ ಮಾತ್ರ ಮೋಟಾರು ಬದಲಿಸುವುದು ಯುಕ್ತ. ಎಲೆಕ್ಟ್ರಾನಿಕ್ ನಿಯಂತ್ರಕವಿರುವ ಫ್ಯಾನುಗಳಿಗೆ ಈ ಪರೀಕ್ಷೆ ಮಾಡಬಾರದು. ನಿಯಂತ್ರಕ ಕೆಡುವ ಸಂಭವವಿದೆ.

(ಊ) ತಾಪ ಸೆನ್ಸರ್: ಸ್ಕ್ಯಾನರ್ ಉಪಕರಣವು ಕಂಪ್ಯೂಟರ್ ಅರಿತಿರುವ ತಾಪವನ್ನು ತೋರಿಸುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಅದು ಕಡಿಮೆ ತಾಪವನ್ನು ತೋರಿಸಿದಲ್ಲಿ ಸೆನ್ಸರ್ ಅಥವಾ ಅದರ ವೈರು ದೋಷಪೂರಿತ.

6. ಲಕ್ಷಣದಿಂದ ಕಾರಣ

• ಮೋಟಾರನ್ನು ಮೆಲ್ಲನೆ ತಟ್ಟಿದಾಗ ಫ್ಯಾನು ತಿರುಗಿದಲ್ಲಿ: ಒಳಗಿನ ಕಾರ್ಬನ್ ಬ್ರಷ್ ಸವೆದಿದೆ; ಮತ್ತೆ ನಿಲ್ಲುವುದು ನಿಶ್ಚಿತ.
• ಎರಡು ವೇಗದ ಫ್ಯಾನು ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗಿದಲ್ಲಿ: ಹಲವು ಕಾರುಗಳಲ್ಲಿ ರೆಸಿಸ್ಟರ್ ಸುಟ್ಟಿರುತ್ತದೆ.
• ಎಂಜಿನ್ ತಣ್ಣಗಿದ್ದರೂ ಫ್ಯಾನು ಸದಾ ತಿರುಗಿದಲ್ಲಿ: ರಿಲೇ ಅಂಟಿಕೊಂಡಿರಬಹುದು, ಅಥವಾ ಸೆನ್ಸರ್ ಸಂಪರ್ಕ ಕಡಿದು ಕಂಪ್ಯೂಟರ್ ರಕ್ಷಣೆಗಾಗಿ ಫ್ಯಾನನ್ನು ಓಡಿಸುತ್ತಿರಬಹುದು.

7. ವಾಹನ ಮಾಲೀಕರಲ್ಲಿ ಮನವಿ

ಫ್ಯಾನು ಬದಲಿಸುವಂತೆ ಸಲಹೆ ಬಂದಾಗ ಫ್ಯೂಸ್, ರಿಲೇ ಮತ್ತು ವೈರುಗಳನ್ನು ಪರೀಕ್ಷಿಸಲಾಗಿದೆಯೇ ಎಂದು ವಿಚಾರಿಸಿ, ಮೋಟಾರಿನ ದೋಷವನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಘಟ್ಟ ಪ್ರಯಾಣಕ್ಕೆ ಮುನ್ನ ಕೂಲೆಂಟ್ ಮಟ್ಟವನ್ನು ನೋಡಿ, ಏಸಿ ಹಾಕಿ ಫ್ಯಾನು ತಿರುಗುವುದನ್ನು ಪರಿಶೀಲಿಸಲು ಕೋರಲಾಗಿದೆ. ದುರಸ್ತಿಯಾಗುವವರೆಗೆ ಕಾರನ್ನು ಘಟ್ಟದ ರಸ್ತೆಗೆ ಒಯ್ಯಬಾರದು.