ಪಟ್ಟಾಭಿರಾಮ ರೆಡ್ಡಿಯವರ ಕನ್ನಡ ಚಿತ್ರಗಳಲ್ಲಿ ‘ನಮ್ಮವ’ರೆಂಬ ಪ್ರಶ್ನೆ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿರುವ ಮಲಪನಗುಡಿಯ ಸುತ್ತಣ ಸೀಮೆಯಲ್ಲಿ ಕನ್ನಡವೂ ತೆಲುಗೂ ಶತಮಾನಗಳಿಂದ ಒಡನಾಡಿಕೊಂಡು ಬಂದಿವೆ. ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ರಚಿಸಿದ ಕೃಷ್ಣದೇವರಾಯನ ಆಶ್ರಯದಲ್ಲಿಯೇ ತಿಮ್ಮಣ್ಣಕವಿಯು ಕುಮಾರವ್ಯಾಸನ ಭಾರತದ ಶೇಷಭಾಗವನ್ನು ಕನ್ನಡದಲ್ಲಿ ಪೂರೈಸಿದನು, ತಾಡಪತ್ರಿಯಲ್ಲಿ ಜನಿಸಿದ ಬಳ್ಳಾರಿ ರಾಘವರು ಎರಡೂ ಭಾಷೆಗಳ ರಂಗಭೂಮಿಯಲ್ಲಿ ಕೀರ್ತಿಶಾಲಿಗಳಾದರು. 1953ರ ಅಕ್ಟೋಬರ್ 1ರಂದು, ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು ಈ ಸೀಮೆಯನ್ನೊಳಗೊಂಡ ಬಳ್ಳಾರಿ ಜಿಲ್ಲೆಯು ಮೈಸೂರನ್ನು ಸೇರಿದಾಗ, ಯಾರು ಎಲ್ಲಿಯವರೆಂಬ ಪ್ರಶ್ನೆಗೆ ಸರ್ಕಾರವು ಗಡಿ ಎಳೆದು ಉತ್ತರವಿತ್ತಿತು. ಅದೇ ಪ್ರಶ್ನೆಯನ್ನು ಚಲಚ್ಚಿತ್ರದಲ್ಲಿ ಬೇರೊಂದು ಬಗೆಯಿಂದ ಎತ್ತಿದವರು, ತೆಲುಗು ನಾಡಿನಿಂದ ಕನ್ನಡಕ್ಕೆ ಬಂದ ಪಟ್ಟಾಭಿರಾಮ ರೆಡ್ಡಿಯವರು.

1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿಯೂ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿದ ಇವರು, 1939ರಲ್ಲಿ ಪ್ರಕಟವಾದ ‘ಫಿಡೇಲು ರಾಗಾಲ ಡಜನ್’ ಎಂಬ ಸಂಕಲನದಿಂದ ತೆಲುಗು ಕಾವ್ಯದ ಸಂಪ್ರದಾಯಬದ್ಧ ಛಂದೋನಿಯಮಗಳನ್ನು ಧಿಕ್ಕರಿಸಿದ ನವ್ಯಕವಿಯೆಂದು ಹೆಸರಾದರು. ಅನಂತರ ಮದರಾಸಿನಲ್ಲಿ ತೆಲುಗು ಚಿತ್ರಗಳ ನಿರ್ಮಾಪಕರಾಗಿದ್ದ ಕಾಲದಲ್ಲಿ, ಪತ್ನಿ ಸ್ನೇಹಲತಾ ಅವರು ತೊಡಗಿಕೊಂಡಿದ್ದ ‘ಮದರಾಸ್ ಪ್ಲೇಯರ್ಸ್’ ನಾಟಕ ತಂಡದ ಮೂಲಕ ಗಿರೀಶ ಕಾರ್ನಾಡರ ಸ್ನೇಹವು ಲಭಿಸಿ, ಅದರ ಫಲವಾಗಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯು ಇವರ ನಿರ್ದೇಶನದಲ್ಲಿ 1970ರಲ್ಲಿ ಚಿತ್ರವಾಯಿತು.

ಕಥೆಯ ಕೇಂದ್ರದಲ್ಲಿರುವುದು ಒಂದು ಹೆಣ. ಆಚಾರಭ್ರಷ್ಟನಾದ ನಾರಣಪ್ಪನು ಸತ್ತಿದ್ದಾನೆ; ಬದುಕಿದ್ದಾಗ ಬಹಿಷ್ಕಾರ ಹಾಕದೆ ಬಿಟ್ಟದ್ದರಿಂದ ಅವನು ಬ್ರಾಹ್ಮಣನೇ; ಆದರೆ ಸಂಸ್ಕಾರ ಮಾಡಲು ಯಾರೂ ಮುಂದಾಗರು, ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಊಟವಿಲ್ಲ. ಅವನೊಡನೆ ಬಾಳಿದ ಚಂದ್ರಿಯು ತನ್ನ ಚಿನ್ನವನ್ನೆಲ್ಲ ಬಿಚ್ಚಿ ಮುಂದಿಟ್ಟಾಗಲಂತೂ ನಿನ್ನೆಯವರೆಗೆ ‘ಅವನು ನಮ್ಮವನಲ್ಲ’ ಎಂದವರಿಗೆ ಇಂದು ಸಂಬಂಧವು ನೆನಪಾಗುತ್ತದೆ. ಕುಲವೆಂಬುದು ಎಷ್ಟರಮಟ್ಟಿಗೆ ಲೆಕ್ಕಾಚಾರಕ್ಕೆ ಬಾಗುವ ವಸ್ತುವೆಂಬುದನ್ನು ಈ ಒಂದು ಸನ್ನಿವೇಶವೇ ತೋರಿಸಿಕೊಡುತ್ತದೆ. ಅಗ್ರಹಾರದ ವಿದ್ವಾಂಸ ಪ್ರಾಣೇಶಾಚಾರ್ಯರಾಗಿ ಕಾರ್ನಾಡರು, ನಾರಣಪ್ಪನಾಗಿ ಸಾಹಿತಿ ಪಿ. ಲಂಕೇಶರು, ಚಂದ್ರಿಯಾಗಿ ಸ್ನೇಹಲತಾ ಅಭಿನಯಿಸಿದರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಹೀಗೆ ಮಲೆನಾಡಿನ ಅಗ್ರಹಾರದ ಅಂತರಂಗವನ್ನು ನಿರೂಪಿಸಿದ ತಂಡದ ಪ್ರಮುಖರಲ್ಲಿ ಹಲವರು ಅಲ್ಲಿಗೆ ಹೊರಗಿನವರಾಗಿದ್ದರು. ಅಭ್ಯಾಸಬಲದಿಂದ ಒಳಗಿನವರ ಕಣ್ಣಿಗೆ ಬೀಳದೆ ಹೋಗುವ ನಿತ್ಯಾಚಾರವನ್ನು ಚಿತ್ರವು ಅಷ್ಟು ನಿಷ್ಠುರವಾಗಿ ಪರಿಶೀಲಿಸಿದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಮೊದಲು ಸೆನ್ಸಾರ್ ಮಂಡಳಿಯ ನಿಷೇಧಕ್ಕೆ ಗುರಿಯಾದ ಚಿತ್ರವೇ, ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಪ್ರಥಮಬಾರಿಗೆ ತಂದುಕೊಟ್ಟಿತು.

ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನಾಧರಿಸಿದ ‘ಚಂಡಮಾರುತ’ (1977)ದಲ್ಲಿ ಜಿಜ್ಞಾಸೆಯು ಜಾತಿಯಿಂದ ಪ್ರಭುತ್ವಕ್ಕೆ ಹೊರಳಿತು. ಅಷ್ಟರಲ್ಲಿ ತುರ್ತುಪರಿಸ್ಥಿತಿಯ ಬಂದಿಯಾಗಿ ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ಜರ್ಜರಿತರಾದ ಸ್ನೇಹಲತಾ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ‘ಶೃಂಗಾರ ಮಾಸ’, ‘ದೇವರ ಕಾಡು’ ಚಿತ್ರಗಳನ್ನೂ ನೀಡಿದ ರೆಡ್ಡಿಯವರು 2006ರಲ್ಲಿ ನಿಧನರಾದರು.

ಕನ್ನಡದ ಹೊಸ ಅಲೆಯ ಚಿತ್ರಗಳ ಇತಿಹಾಸವನ್ನು ‘ಸಂಸ್ಕಾರ’ದಿಂದ ಆರಂಭಿಸುವುದು ವಾಡಿಕೆ. ಆ ವಾಡಿಕೆಯನ್ನು ಒಪ್ಪುವವರು, ನಾಡಿನ ಆತ್ಮವಿಮರ್ಶೆಗೆ ಹುಟ್ಟು ಕನ್ನಡಿಗರಷ್ಟೇ ಅಧಿಕಾರಿಗಳೆಂಬ ವಾದವನ್ನು ಒಪ್ಪುವಂತಿಲ್ಲ.